ಕೆಳಗೆ ನೋಡುವವರು ಕಡಲಿಗಿಳಿದದ್ದು

ಮಲೆನಾಡಿನ ಮಗು ಹೆಜ್ಜೆ ಹಾಕಲು ಕಲಿಯುವಾಗಲೇ ಇನ್ನೊಂದು ಪಾಠವನ್ನೂ ಕಲಿತುಬಿಡುತ್ತದೆ: ಕೆಳಗೆ ನೋಡಿಕೊಂಡು ನಡೆ. ಅಂಗಳದಲ್ಲಿ ಪಾಚಿ, ತೋಟದ ದಾರಿಯಲ್ಲಿ ಉಂಬಳ, ದರೆಯ ಬುಡದಲ್ಲಿ ಹಾವು. ಅಡಿಕೆ ದಬ್ಬೆ ಹಾಸಿದರೆ ಜಾರುವುದಿಲ್ಲ ಎಂದು ಹಾಸುತ್ತೇವೆ; ಎರಡು ಮಳೆ ಬಿದ್ದ ಮೇಲೆ ದಬ್ಬೆಯೇ ಜಾರತೊಡಗುತ್ತದೆ. ಹೀಗೆ ನಲವತ್ತಾರು ಮಳೆಗಾಲ ಕಳೆದ ನಾನು ಶಿವಮೊಗ್ಗದ ನೆಹರೂ ರಸ್ತೆಯಲ್ಲಿ, ಅದೂ ಬಿರುಬೇಸಿಗೆಯಲ್ಲಿ ಕೂಡ, ಹೆಬ್ಬೆರಳನ್ನು ಚಪ್ಪಲಿಗೆ ಒತ್ತಿ ಹಿಡಿದು ನೆಲ ನೋಡುತ್ತಲೇ ನಡೆಯುತ್ತೇನೆ. ಎದುರಿಗೆ ಸಿಕ್ಕರೂ ಮಾತನಾಡಿಸಲಿಲ್ಲ ಎಂದು ನೆಂಟರಿಂದ ನನ್ನ ಮೇಲೆ ಬಂದಿರುವ ದೂರುಗಳಿಗೆಲ್ಲ ಕಾರಣ ಇದೇ ಹೊರತು ಜಂಬವಲ್ಲ.

ಇಂಥ ನಾನು ಕಳೆದ ಏಪ್ರಿಲ್‌ನಲ್ಲಿ ಮೂಲ್ಕಿಗೆ ಹೋಗಿ ಸರ್ಫಿಂಗ್ ಹಲಗೆಯ ಮೇಲೆ ನಿಲ್ಲಲು ಹೊರಟೆ.

ಆಸೆ ಮಗಳದು. ಅವಳ ಪರೀಕ್ಷೆ ಮುಗಿದಿತ್ತು. ನನಗೂ ಕೊನೆಕೊಯ್ಲು, ಸುಲಿತ, ಕಾಳುಮೆಣಸಿನ ಒಣಗಿಸಾಟ ಎಲ್ಲ ಮುಗಿದು, ಮಳೆಗಾಲದ ಸೌದೆಯ ಚಿಂತೆ ಇನ್ನೂ ಶುರುವಾಗದ ಆ ಮೂರು ವಾರದ ಬಿಡುವು. ತೋಟದವರಿಗೆ ವರ್ಷದಲ್ಲಿ ಸಿಗುವ ರಜೆ ಅಷ್ಟೇ. ಅದನ್ನೂ ಮದುವೆ ಮುಂಜಿಗಳು ಮುಂಗಡವಾಗಿ ಹಿಡಿದಿಟ್ಟಿರುತ್ತವೆ. ಈ ಸಲ ಎರಡು ಮದುವೆ ತಪ್ಪಿಸಿ, ಶಿವಮೊಗ್ಗದ ಗೆಳೆಯನ ಸಂಸಾರವನ್ನೂ ಜೊತೆ ಮಾಡಿಕೊಂಡು, ಎರಡು ಕಾರುಗಳಲ್ಲಿ ಹೊರಟೆವು. ಅಮ್ಮ ಮಾತ್ರ ಒಪ್ಪಿರಲಿಲ್ಲ. ತೆರೆಯ ಮೇಲೆ ನಿಲ್ಲುವುದು ಮನುಷ್ಯರು ಮಾಡುವ ಕೆಲಸವೇ ಅಲ್ಲ ಎಂಬುದು ಅವಳ ವಾದ. ಮೂಲ್ಕಿಯಲ್ಲಿ ಇಪ್ಪತ್ತು ವರ್ಷಗಳ ಹಿಂದೆ ಈ ಆಟಕ್ಕೆ ನಾಂದಿ ಹಾಡಿದವರು ಒಂದು ಆಶ್ರಮದ ಸಾಧಕರು, ಬೆಳಗಿನ ಜಪ ಮುಗಿಸಿ ಹಲಗೆ ಹಿಡಿಯುತ್ತಿದ್ದವರು ಎಂದು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸನ್ಯಾಸಿಗಳಿಗೇನು, ಹಿಂದೆ ಮುಂದೆ ಯಾರೂ ಇಲ್ಲ" ಎಂದಳು. ಆದರೂ ಸಂಜೆ ಅಪ್ಪೆಮಿಡಿಯ ಡಬ್ಬಿಗೆ ಬಟ್ಟೆ ಕಟ್ಟುತ್ತಿದ್ದುದನ್ನು ನೋಡಿ ಅನುಮತಿ ಸಿಕ್ಕಿದೆ ಎಂದುಕೊಂಡೆವು.

ತೀರ್ಥಹಳ್ಳಿಯವರಿಗೆ ಕಡಲು ದೂರವೇನಲ್ಲ. ಆಗುಂಬೆಯ ಹದಿನಾಲ್ಕು ತಿರುವು ಇಳಿದು, ಹೊಟ್ಟೆ ತೊಳಸಿದ ಮಕ್ಕಳನ್ನು ಸೋಮೇಶ್ವರದಲ್ಲಿ ಇಳಿಸಿ ಸುಧಾರಿಸಿದರೆ ಹೆಬ್ರಿ, ಉಡುಪಿ, ಮೂಲ್ಕಿ. ಮೂರು ಗಂಟೆಯ ದಾರಿ. ಆದರೆ ನಮಗೆ ಕಡಲೆಂದರೆ ಮೇಲಿನಿಂದ ನೋಡುವ ವಸ್ತು. ಆಗುಂಬೆಯ ಸೂರ್ಯಾಸ್ತದ ಕಟ್ಟೆಯ ಮೇಲೆ ನಿಂತು, ನೆಂಟರಿಗೆ "ಅಗೋ, ಆ ಹೊಳೆಯುವ ಗೆರೆಯೇ ಸಮುದ್ರ" ಎಂದು ತೋರಿಸಿದರೆ ಮುಗಿಯಿತು. ನಮ್ಮ ತುಂಗೆಯೂ ನಮ್ಮಂತೆಯೇ. ಅರಬ್ಬಿ ಸಮುದ್ರ ಪಕ್ಕದಲ್ಲೇ ಇದ್ದರೂ ಅದಕ್ಕೆ ಬೆನ್ನು ಹಾಕಿ ಪೂರ್ವಕ್ಕೆ ಹರಿದು, ಭದ್ರೆಯನ್ನು ಕೂಡಿಕೊಂಡು, ಕೃಷ್ಣೆಯೊಳಗೆ ಸೇರಿ, ಅಷ್ಟು ದೂರದ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಅದೇ ಆಗುಂಬೆಯ ಮಳೆಯಲ್ಲಿ ಒಂದಷ್ಟು ಸೀತಾನದಿಗೆ ಬಿದ್ದು ಎರಡು ದಿನದಲ್ಲಿ ಪಡುಗಡಲು ಮುಟ್ಟುತ್ತದೆ. ಬುದ್ಧಿವಂತ ನೀರು.

ಕಲಿಸುವ ಹುಡುಗನಿಗೆ ಇಪ್ಪತ್ತೈದರ ಒಳಗಿನ ವಯಸ್ಸು. ಗೆಳೆಯರೊಂದಿಗೆ ತುಳು, ನಮ್ಮೊಂದಿಗೆ ಪಠ್ಯಪುಸ್ತಕದಂಥ ಕನ್ನಡ. ಪಕ್ಕದ ಸಸಿಹಿತ್ಲಿನಲ್ಲಿ, ನಂದಿನಿ ಶಾಂಭವಿಯರು ಕಡಲು ಸೇರುವ ಕಡೆ, 2016ರಲ್ಲಿ ದೊಡ್ಡ ಸರ್ಫಿಂಗ್ ಸ್ಪರ್ಧೆ ನಡೆದಾಗ ತಾನು ಶಾಲಾ ಹುಡುಗ, ಬೇಸಿಗೆ ರಜೆಯಲ್ಲಿ ನೋಡಲು ಹೋಗಿದ್ದೆ ಎಂದ. ನನ್ನನ್ನು ಮರಳಿನ ಮೇಲೆ ನಿಲ್ಲಿಸಿ ಮಾತನಾಡುತ್ತಲೇ ಇದ್ದವನು ಹಠಾತ್ತನೆ ಹಿಂದಿನಿಂದ ದೂಡಿದ. ಬೀಳುವವನು ಯಾವ ಕಾಲು ಮುಂದಿಡುತ್ತಾನೋ ಹಲಗೆಯ ಮೇಲೂ ಅದೇ ಕಾಲು ಮುಂದಿರಬೇಕಂತೆ. ಅದನ್ನು ತಿಳಿಯಲು ಈ ಉಪಾಯ. ಮಗಳು ಎಡಗಾಲು ಮುಂದಿಟ್ಟಳು. ಗೆಳೆಯ ಬಲಗಾಲು. ನನ್ನ ಕಾಲು ಎರಡೂ ಕದಲಲಿಲ್ಲ. ಹತ್ತೂ ಬೆರಳು ಮರಳನ್ನು ಕಚ್ಚಿ ಹಿಡಿದಿದ್ದವು. ಇನ್ನೊಮ್ಮೆ ದೂಡಿದ. ಸೊಂಟದ ಮೇಲಿನ ಭಾಗ ಬಾಗಿ ಮತ್ತೆ ನೆಟ್ಟಗಾಯಿತು, ಅಷ್ಟೇ.

"ಘಟ್ಟದ ಮೇಲಿನವರಾ?" ಎಂದು ಕೇಳಿದ.

ಹಲಗೆ ಒಂಬತ್ತು ಅಡಿ ಉದ್ದ, ಮೇಲೆ ಮೆತ್ತನೆಯ ಹೊದಿಕೆ, ಬಾಲದಿಂದ ಹೊರಟ ಹಗ್ಗದ ಪಟ್ಟಿಯನ್ನು ನಮ್ಮ ಕಣಕಾಲಿಗೆ ಕಟ್ಟುತ್ತಾರೆ, ನಾವು ಬಿದ್ದರೂ ಹಲಗೆ ಓಡಿಹೋಗದಂತೆ. ಬೋರಲು ಮಲಗುವುದು, ಹಿಂದಿನಿಂದ ತೆರೆ ಬಂದಾಗ ಅಂಗೈ ಊರಿ ಎದ್ದು ನಿಲ್ಲುವುದು. ಮರಳಿನ ಮೇಲೆ ಇದನ್ನು ಇಪ್ಪತ್ತು ಸಲ ಮಾಡಿಸಿದ. ಪ್ರತಿ ಸಲವೂ ಒಂದೇ ಮಾತು: "ಕೆಳಗೆ ನೋಡುವುದು ಬೇಡ ಮಾರಾಯ್ರೇ. ಎದುರು ನೋಡಿ. ನೀವು ಎಲ್ಲಿ ನೋಡುತ್ತೀರೋ ಹಲಗೆ ಅಲ್ಲಿಗೇ ಹೋಗುತ್ತದೆ."

ನೀರಿನಲ್ಲಿ ನಾನು ಎಷ್ಟು ಸಲ ಬಿದ್ದೆ ಎಂದು ಎಣಿಸಿದವಳು ಅಮ್ಮ. ಗಾಳಿಮರದ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಅದರ ಮೇಲೂ ಕೊಡೆ ಬಿಡಿಸಿಕೊಂಡು ಕುಳಿತಿದ್ದಳು. ಲೆಕ್ಕ ಹದಿನೇಳು. ಬೀಳುವುದರಲ್ಲಿ ನನಗೇನೂ ಅನುಭವ ಕಡಿಮೆಯಿಲ್ಲ, ಆದರೆ ಕಡಲಿನ ಬೀಳುವಿಕೆಯ ಜಾತಿಯೇ ಬೇರೆ. ಅಂಗಳದ ಪಾಚಿಯಲ್ಲಿ ಕಾಲು ಮುಂದೆ ಹೋಗಿ ತಲೆ ಹಿಂದೆ ಉಳಿಯುತ್ತದೆ. ತೆರೆಯದು ಇದಕ್ಕೆ ತಿರುಗುಮುರುಗು: ದಡದ ಹತ್ತಿರ ಆಳ ಕಡಿಮೆಯಾದಾಗ ಅದರ ಬುಡ ನೆಲಕ್ಕೆ ತಾಗಿ ನಿಧಾನವಾಗುತ್ತದೆ, ತಲೆ ಮಾತ್ರ ಅದೇ ವೇಗದಲ್ಲಿ ಮುಂದೆ ನುಗ್ಗಿ ಮುಗ್ಗರಿಸುತ್ತದೆ. ನಾವು ತೆರೆ ಒಡೆಯಿತು ಎನ್ನುವುದು ಅದನ್ನೇ. ನಾನು ಹಿಂದಕ್ಕೆ, ತೆರೆ ಮುಂದಕ್ಕೆ; ಇಬ್ಬರೂ ಸೇರಿದಲ್ಲಿ ಮೂಗಿನೊಳಗೆ ಅರ್ಧ ಲೋಟ ಉಪ್ಪುನೀರು.

ಮಗಳು ಮೂರನೆಯ ತೆರೆಗೇ ಎದ್ದು ನಿಂತಳು. ಅಡಿಕೆ ಹಾಳೆಯ ಮೇಲೆ ಕುಳಿತು ಅಂಗಳವಿಡೀ ಎಳೆಸಿಕೊಂಡ ಮಕ್ಕಳಿಗೆ ಇದು ಹೊಸದಲ್ಲ. ಇಲ್ಲಿ ಎಳೆಯುವುದು ಕಡಲು, ಅಷ್ಟೇ ವ್ಯತ್ಯಾಸ. ಗೆಳೆಯ ಐದು ಸಲ ಬಿದ್ದು, ಬ್ಯಾಂಕಿನವರ ವಿವೇಕದಿಂದ ನಷ್ಟವನ್ನು ಅಲ್ಲಿಗೇ ನಿಲ್ಲಿಸಿ, ಬೊಂಡ ಕುಡಿಯಲು ಹೋದ.

ನನಗೆ ದಾರಿ ತೋರಿಸಿದ್ದು ಸಂಕ. ಹದಿನೇಳನೆಯ ಬೀಳಿನ ನಂತರ ಹಲಗೆಯ ಮೇಲೆ ಬೋರಲು ಬಿದ್ದುಕೊಂಡು ಉಸಿರು ಎಳೆಯುತ್ತಿದ್ದಾಗ ನೆನಪಾಯಿತು. ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳ, ಅದಕ್ಕೆ ಅಡ್ಡಲಾಗಿ ಎರಡು ಅಡಿಕೆ ಮರ. ಮಳೆಗಾಲದಲ್ಲಿ ಅಮ್ಮ ಅಲ್ಲಿಯವರೆಗೂ ಬರುತ್ತಿದ್ದಳು. ವರ್ಷವಿಡೀ ಕೆಳಗೆ ನೋಡು, ಕೆಳಗೆ ನೋಡು ಎನ್ನುತ್ತಿದ್ದವಳು ಸಂಕದ ಮೇಲೆ ಮಾತ್ರ ಮಾತು ಬದಲಾಯಿಸುತ್ತಿದ್ದಳು: "ನೀರು ನೋಡಬೇಡ, ತಲೆ ತಿರುಗುತ್ತದೆ. ಆಚೆ ದಡ ನೋಡು."

ತೆರೆ ಬಂತು. ಹುಡುಗ ಹಲಗೆಯನ್ನು ತಳ್ಳಿದ. ಅಂಗೈ ಊರಿ ಎದ್ದೆ. ದಡವನ್ನೇ ನೋಡಿದೆ. ಗಾಳಿಮರಗಳು, ತೆಂಗಿನ ಸಾಲು, ಕಪ್ಪು ಕೊಡೆ. ಹಲಗೆಯ ಕೆಳಗೆ ಜುಳುಜುಳು ಶಬ್ದವಿತ್ತೇ ಹೊರತು ಅಲುಗಾಟವಿರಲಿಲ್ಲ. ಹೆಬ್ಬೆರಳು ತಾನಾಗಿಯೇ ಸಡಿಲವಾಗಿತ್ತು. ಒಂದು, ಎರಡು, ಮೂರು ಸೆಕೆಂಡು. ನಲವತ್ತಾರು ವರ್ಷದಲ್ಲಿ ಮೊದಲ ಸಲ ನಾನು ಎದುರಿಗಿರುವವರನ್ನು ನೋಡುತ್ತಾ ಮುಂದೆ ಹೋಗುತ್ತಿದ್ದೆ.

ಎದುರಿಗಿದ್ದವಳು ಅಮ್ಮ. ಕುರ್ಚಿಯಿಂದ ಎದ್ದು ನಿಂತು, ಕೈ ಬಾಯಿಗೆ ಕಹಳೆಯಂತೆ ಹಿಡಿದು ಕೂಗಿದಳು: "ಕೆಳಗೆ ನೋಡೋ!"

ನೋಡಿದೆ. ಹದಿನೆಂಟು.

ಮಧ್ಯಾಹ್ನ ಯಾರಿಗೂ ಯಾವ ಕೆಲಸವೂ ಇರಲಿಲ್ಲ. ಮಲೆನಾಡಿನ ಮೈಗೆ ಏಪ್ರಿಲ್‌ನ ಕರಾವಳಿಯ ಸೆಕೆ ತಾಗಿದರೆ ಮಾತೂ ಬೆವರುತ್ತದೆ. ಹೆಂಗಸರು ಜಗಲಿಯಲ್ಲಿ ಒರಗಿ, ತಪ್ಪಿಸಿಕೊಂಡ ಎರಡು ಮದುವೆಗಳ ಊಟದಲ್ಲಿ ಏನಿದ್ದಿರಬಹುದು ಎಂದು ಚರ್ಚಿಸುತ್ತಿದ್ದರು. ಗೆಳೆಯ ಗೋಳಿಬಜೆಯ ತಟ್ಟೆಯನ್ನು ಎದೆಯ ಮೇಲಿಟ್ಟುಕೊಂಡೇ ಗೊರಕೆ ಹೊಡೆದ. ನಾನು ಅಮ್ಮನ ಹತ್ತಿರ ಜಗಳಕ್ಕೆ ಹೋದೆ. "ಸಂಕದ ಮೇಲೆ ಆಚೆ ದಡ ನೋಡು ಎಂದವಳು ನೀನೇ ಅಲ್ಲವೇ?"

"ಅದು ಹಳ್ಳ. ಇದಕ್ಕೆ ಆಚೆ ದಡ ಎಲ್ಲಿದೆ?" ಎಂದಳು.

ಮೂರನೆಯ ದಿನ ಘಟ್ಟ ಹತ್ತಿದೆವು. ಹತ್ತುವಾಗ ಕಾರಿನ ಗಾಜು ಇಳಿಸಿದರೆ, ಒಂದೊಂದು ತಿರುವಿಗೂ ಗಾಳಿ ತಂಪಾಗುತ್ತಾ ಬರುವುದನ್ನು ಕೆನ್ನೆಯಲ್ಲೇ ತಿಳಿಯಬಹುದು. ಕಿವಿಯೊಳಗಿನ ಮರಳು ಮಾತ್ರ ಘಟ್ಟ ಹತ್ತಿದರೂ ಇಳಿಯಲಿಲ್ಲ. ಮೇಲಿನ ಕಟ್ಟೆಯ ಹತ್ತಿರ ಕಾರು ನಿಲ್ಲಿಸಲು ಹೇಳಿದವಳು ಅಮ್ಮ. ಬೇಸಿಗೆಯ ಮಬ್ಬು, ಕೆಳಗಿನ ಕಾಡಿನ ಆಚೆಗೆ ಬೂದಿ ಬಣ್ಣ ಬಿಟ್ಟರೆ ಏನೂ ಇಲ್ಲ. ಅವಳು ಕಂಬಿ ಹಿಡಿದು ನಿಂತಳು.

"ನೀನು ಬಿದ್ದದ್ದು ಯಾವ ಕಡೆಗೆ?"

ನನಗೆ ಗೊತ್ತಾಗುವ ಹಾಗಿರಲಿಲ್ಲ. ಆದರೂ ಎಡಕ್ಕೆ, ಮಬ್ಬಿನ ಕಡೆಗೆ ಬೆರಳು ತೋರಿಸಿದೆ. ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ಅತ್ತಲೇ ನೋಡುತ್ತಾ ನಿಂತಳು. ಹಿಂದಿನ ಕಾರು ಎರಡು ಸಲ ಹಾರ್ನ್ ಮಾಡಿತು.