ಬೋರ್ಡಿನ ಮುಂದೆ ಸೈನಿಕನ ಪಕ್ಕ ಯಾರಿರುತ್ತಾರೆ?

ಅಮೆರಿಕದ ಸೈನ್ಯದಲ್ಲಿ ಏಟು ಬಿದ್ದರೆ ಕೈತುಂಬ ದುಡ್ಡು, ಭಾರತದಲ್ಲಿ ಬರಿಗೈ. ನಮ್ಮೂರ ಕಡೆ ಹೋದಾಗಲೆಲ್ಲ ಈ ಮಾತು ಕೇಳುತ್ತೇನೆ. ಎರಡೂ ಪೂರ್ತಿ ನಿಜವಲ್ಲ. ನಾನು ಹುಟ್ಟಿದ್ದು ಬೈಲಹೊಂಗಲ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಈಗ ಇರುವುದು ನಾರ್ತ್ ಕೆರೊಲಿನಾದಲ್ಲಿ. ನನ್ನ ಮಗ ಇಲ್ಲಿನ ಸೈನ್ಯದ ಪ್ಯಾರಾಚೂಟ್ ಪಡೆಯಲ್ಲಿದ್ದ. ರಾತ್ರಿ ಜಿಗಿತದಲ್ಲಿ ಕೆಟ್ಟದಾಗಿ ನೆಲಕ್ಕೆ ಬಿದ್ದು ಸೊಂಟದ ಡಿಸ್ಕ್ ಹಾಳಾಗಿ ಮೆಡಿಕಲ್ ರಿಟೈರ್ ಆದ. ನಮ್ಮ ದೊಡ್ಡಪ್ಪನ ಮಗ, ಅಣ್ಣ, ಭಾರತೀಯ ಸೇನೆಯಲ್ಲಿ ಹವಾಲ್ದಾರ್ ಆಗಿದ್ದವರು. ಎತ್ತರದ ಪೋಸ್ಟಿನಲ್ಲಿ ಹಿಮದ ಮೇಲೆ ಜಾರಿ ಮಂಡಿ ಹೋಯಿತು. ಪೂರ್ತಿ ಫಿಟ್ ಅಲ್ಲ ಅನ್ನುವ ಲೋ ಮೆಡಿಕಲ್ ಕೆಟಗರಿಯಲ್ಲೇ ಸೇವೆ ಮುಗಿಸಿ ಮನೆಗೆ ಬಂದರು.

ಇಬ್ಬರ ಫೈಲನ್ನೂ ಕೂತು ಓದಿದ್ದೇನೆ. ಕಾನೂನಿನ ಪುಸ್ತಕದಲ್ಲಿ ಎರಡೂ ದೇಶಗಳ ನಡುವೆ ನಾವು ಅಂದುಕೊಂಡಷ್ಟು ದೂರ ಇಲ್ಲ. ದೂರ ಇರುವುದು ಬೇರೆ ಕಡೆ: ವೈದ್ಯರ ಬೋರ್ಡಿನ ಮುಂದೆ ಹೋಗುವ ದಿನ ಸೈನಿಕನ ಪಕ್ಕ ಯಾರಿರುತ್ತಾರೆ ಅನ್ನುವುದರಲ್ಲಿ.

ಮೊದಲು ಮಗನ ಕಥೆ. ಇಲ್ಲಿ ಗಾಯಗೊಂಡ ಸೈನಿಕ ಕೆಲಸಕ್ಕೆ ಮರಳುವುದು ಕಷ್ಟ ಅನಿಸಿದರೆ ಮೊದಲು ಒಂದು ಮೆಡಿಕಲ್ ಬೋರ್ಡ್ ಅವನ ದಾಖಲೆ ನೋಡುತ್ತದೆ. ಆಮೇಲೆ ಇನ್ನೊಂದು ಬೋರ್ಡ್ ಅವನು ಸೈನ್ಯದ ಕೆಲಸಕ್ಕೆ ಯೋಗ್ಯನೋ ಅಲ್ಲವೋ ಅಂತ ತೀರ್ಮಾನಿಸುತ್ತದೆ. ಯೋಗ್ಯನಲ್ಲ ಅಂತಾದರೆ ಅಂಗವೈಕಲ್ಯ ಎಷ್ಟು ಅನ್ನುವ ಶೇಕಡಾವಾರು ಲೆಕ್ಕ. 20 ವರ್ಷ ಸೇವೆ ಆಗದವನಿಗೆ 30 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮೆಡಿಕಲ್ ರಿಟೈರ್ಮೆಂಟ್, ಅಂದರೆ ಪಿಂಚಣಿ ಮತ್ತು ಕುಟುಂಬಕ್ಕೆಲ್ಲ ಟ್ರೈಕೇರ್ ಆರೋಗ್ಯ ವಿಮೆ. 30ಕ್ಕಿಂತ ಕಡಿಮೆ ಬಂದರೆ ಒಂದೇ ಸಲ ಒಂದಿಷ್ಟು ಹಣ ಕೊಟ್ಟು ಕಳಿಸುತ್ತಾರೆ.

ಈಗ ಸೊಂಟದ ಲೆಕ್ಕ ಕೇಳಿ. ವೈದ್ಯರು ಕೋನ ಅಳೆಯುವ ಸಾಧನ ಹಿಡಿದು ಮುಂದಕ್ಕೆ ಬಾಗು ಅನ್ನುತ್ತಾರೆ. 30 ಡಿಗ್ರಿ ದಾಟಿ ಬಾಗಲಾಗದಿದ್ದರೆ ಶೇ. 40. ಅದನ್ನು ದಾಟಿ 60 ಡಿಗ್ರಿಯ ಒಳಗೆ ನಿಂತರೆ ಶೇ. 20. ಅಂದರೆ ಆ ಕೋಣೆಯಲ್ಲಿ ಒಬ್ಬ ಹುಡುಗ ಎಷ್ಟು ಬಾಗುತ್ತಾನೆ ಅನ್ನುವುದರ ಮೇಲೆ ಜೀವನಪೂರ್ತಿ ಪಿಂಚಣಿಯೋ ಒಂದು ಸಲದ ಚೆಕ್ಕೋ ಅನ್ನುವುದು ನಿಂತಿದೆ. ಸೈನಿಕರ ಸ್ವಭಾವ ನಿಮಗೆ ಗೊತ್ತಲ್ಲ? ಹಲ್ಲು ಕಚ್ಚಿ ಬಾಗುತ್ತಾರೆ. ನೋವು ತೋರಿಸುವುದು ನಾಚಿಕೆ ಅಂತ ಮೊದಲ ದಿನದಿಂದ ಕಲಿತಿರುತ್ತಾರೆ. ನನ್ನ ಮಗನೂ ಹಾಗೇ. ಎಷ್ಟೋ ತಿಂಗಳು ಆಸ್ಪತ್ರೆಗೆ ಹೋಗದೆ ಮಾತ್ರೆ ನುಂಗಿಕೊಂಡು ಮತ್ತೆ ಜಿಗಿದಿದ್ದ.

ಪರೀಕ್ಷೆಗೆ ಮೊದಲು ಮಾಜಿ ಸೈನಿಕರ ಸಂಘದ ಒಬ್ಬ ಹಿರಿಯರು ಅವನ ಜೊತೆ ಕೂತರು. ಅವರೇನೂ ಸುಳ್ಳು ಹೇಳಿಕೊಡಲಿಲ್ಲ. ಹೇಳಿದ್ದು ಇಷ್ಟೇ: ‘ನೋವು ಎಲ್ಲಿ ಶುರುವಾಗುತ್ತದೋ ಅಲ್ಲಿ ನಿಲ್ಲು, ಶುರುವಾಯಿತು ಅಂತ ಬಾಯಿ ಬಿಟ್ಟು ಹೇಳು. ಒಳ್ಳೆಯ ದಿನದ್ದಷ್ಟೇ ಅಲ್ಲ, ಕೆಟ್ಟ ದಿನದ್ದೂ ವಿವರಿಸು.’ ಡಿಎವಿ, ಅಮೆರಿಕನ್ ಲೀಜನ್, ವಿಎಫ್‌ಡಬ್ಲ್ಯೂ ತರಹದ ಮಾಜಿ ಸೈನಿಕರ ಸಂಘಗಳಲ್ಲಿ ಇದಕ್ಕೆಂದೇ ತರಬೇತಾದ, ಸರ್ಕಾರದ ಮಾನ್ಯತೆ ಪಡೆದ ಜನ ಇದ್ದಾರೆ. ಒಂದು ಡಾಲರೂ ತೆಗೆದುಕೊಳ್ಳುವುದಿಲ್ಲ. ಸೈನ್ಯವೇ ಬೋರ್ಡಿನ ಕೆಲಸಕ್ಕೆ ಒಬ್ಬ ಸಂಪರ್ಕ ಅಧಿಕಾರಿಯನ್ನು ಕೊಡುತ್ತದೆ. ತೀರ್ಮಾನ ಒಪ್ಪಿಗೆಯಾಗದಿದ್ದರೆ ವಾದಿಸಲು ವಕೀಲರೂ ಉಚಿತ.

ಇದೆಲ್ಲ ಸುಮ್ನೆ ಬಂದದ್ದಲ್ಲ. 2007ರ ಫೆಬ್ರವರಿಯಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ವಾಲ್ಟರ್ ರೀಡ್ ಸೈನಿಕ ಆಸ್ಪತ್ರೆಯ ಸ್ಥಿತಿ ಬಯಲಿಗೆ ತಂದಿತು. ಇರಾಕ್, ಅಫ್ಘಾನಿಸ್ತಾನದಿಂದ ಕೈಕಾಲು ಕಳೆದುಕೊಂಡು ಬಂದವರು ಬೂಷ್ಟು ಹಿಡಿದ ಕೋಣೆಗಳಲ್ಲಿ, ಮುಗಿಯದ ಕಾಗದಗಳ ನಡುವೆ ಕೊಳೆಯುತ್ತಿದ್ದರು. ಸೈನ್ಯದ ಕಾರ್ಯದರ್ಶಿ ರಾಜೀನಾಮೆ ಕೊಡಬೇಕಾಯಿತು. ಅಲ್ಲಿಯವರೆಗೆ ಸೈನ್ಯ ಒಂದು ಸಲ ಪರೀಕ್ಷೆ ಮಾಡಿದರೆ ಮಾಜಿ ಸೈನಿಕರ ಇಲಾಖೆ, ಅಂದರೆ ವಿಎ, ಮತ್ತೆ ಬೇರೆ ಪರೀಕ್ಷೆ ಮಾಡುತ್ತಿತ್ತು. ಅದೇ ವರ್ಷದ ಕೊನೆಗೆ ಎರಡನ್ನೂ ಒಂದು ಮಾಡುವ ಪ್ರಯೋಗ ಶುರುವಾಯಿತು. ಈಗ ಒಂದೇ ಪರೀಕ್ಷೆ. ಸೈನ್ಯ ಬಿಡುವ ಮೊದಲೇ ಎರಡು ಕಡೆಯ ಅಂಕಿಗಳೂ ಕೈಗೆ ಬರುತ್ತವೆ.

ಮಗನ ಅಂಕಿ ಹೀಗಿತ್ತು. ಸೊಂಟಕ್ಕೆ 40. ಸೈನ್ಯ ಲೆಕ್ಕ ಹಿಡಿದದ್ದು ಅದೊಂದನ್ನೇ, ಯಾಕೆಂದರೆ ಅವನನ್ನು ಅಯೋಗ್ಯ ಮಾಡಿದ್ದು ಸೊಂಟ. ವಿಎ ಆದರೋ, ಸೇವೆಯ ಕಾಲದಲ್ಲಿ ಆದ ಎಲ್ಲವನ್ನೂ ನೋಡುತ್ತದೆ: ಕಣಕಾಲಿಗೆ 20, ಕಿವಿಯಲ್ಲಿ ಗುಂಯ್‌ಗುಡುವುದಕ್ಕೆ 10. ಕೂಡಿಸಿದರೆ 70 ಅಲ್ವಾ ಅಂದರೆ ಅಲ್ಲ. 40 ಹೋದ ಮೇಲೆ ಉಳಿದ 60ರಲ್ಲಿ ಶೇ. 20, ಅಂದರೆ 12. ಉಳಿದ 48ರಲ್ಲಿ ಶೇ. 10. ಹೀಗೆ ಸುಮಾರು 57 ಆಗಿ ಹತ್ತಿರದ ಹತ್ತಕ್ಕೆ, ಅಂದರೆ 60ಕ್ಕೆ, ನಿಲ್ಲುತ್ತದೆ.

ಇಲ್ಲಿಯೂ ನೋಯಿಸುವ ಜಾಗ ಇದೆ, ಅದನ್ನು ಮುಚ್ಚಿಟ್ಟು ಹೊಗಳಲಾರೆ. 20 ವರ್ಷ ತುಂಬದೆ ಮೆಡಿಕಲ್ ರಿಟೈರ್ ಆದವನಿಗೆ ವಿಎ ಕೊಡುವಷ್ಟು ಮೊತ್ತವನ್ನು ಸೈನ್ಯದ ಪಿಂಚಣಿಯಿಂದ ಕಡಿಯುತ್ತಾರೆ. ಎಷ್ಟೋ ಜನರ ಸೈನ್ಯದ ಪಿಂಚಣಿ ಇದರಿಂದ ಸೊನ್ನೆಗೆ ಬರುತ್ತದೆ. ಯುದ್ಧದಲ್ಲಿ ಆದ ಗಾಯಕ್ಕೆ ಸ್ವಲ್ಪ ವಾಪಸ್ ಬರುವ ದಾರಿ ಇದೆ, ಅದೂ ಪೂರ್ತಿ ಅಲ್ಲ. ಯುದ್ಧದಲ್ಲಿ ಗಾಯಗೊಂಡವರಿಗಾದರೂ ಈ ಕಡಿತ ನಿಲ್ಲಿಸಬೇಕೆಂಬ ಮಸೂದೆಗೆ ಮೇಜರ್ ರಿಚರ್ಡ್ ಸ್ಟಾರ್ ಅವರ ಹೆಸರಿಟ್ಟರು. ಕ್ಯಾನ್ಸರಿನಿಂದ ಅವರು 2021ರಲ್ಲಿ ತೀರಿಕೊಂಡರು. ಮಸೂದೆ ಇಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಮತ್ತೆ ಮತ್ತೆ ಮಂಡನೆಯಾದರೂ ವರ್ಷಗಟ್ಟಲೆ ಪಾಸಾಗದೆ ಉಳಿಯಿತು. ಸೇವೆ ಮಾಡಿದ್ದಕ್ಕೆ ಒಂದು, ದೇಹ ಕಳೆದುಕೊಂಡದ್ದಕ್ಕೆ ಇನ್ನೊಂದು. ಒಂದರಿಂದ ಇನ್ನೊಂದನ್ನು ಕಳೆಯುವುದು ಯಾವ ನ್ಯಾಯ?

ಈಗ ಅಣ್ಣನ ಫೈಲು.

ಭಾರತದಲ್ಲಿ ಅಂಗವೈಕಲ್ಯ ಪಿಂಚಣಿಗೆ ಎರಡು ಗೇಟು. ಒಂದು, ಶೇ. 20 ಅಥವಾ ಹೆಚ್ಚು ಇರಬೇಕು. ಎರಡು, ಅದು ಸೇವೆಯಿಂದ ಆದದ್ದು ಅಥವಾ ಸೇವೆಯಿಂದ ಜಾಸ್ತಿಯಾದದ್ದು ಅಂತ ಬೋರ್ಡ್ ಒಪ್ಪಬೇಕು. ಅಣ್ಣನಿಗೆ ಬೋರ್ಡ್ 20 ಕೊಟ್ಟಿತು. ಆದರೆ ಎರಡನೇ ಕಾಲಂನಲ್ಲಿ ‘ಸೇವೆಯಿಂದ ಆದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ’ ಅಂತ ಬರೆದರು. ಮಂಡಿಯ ಸವೆತ ವಯಸ್ಸಿನದ್ದಂತೆ. ಅವರು ಜಾರಿ ಬಿದ್ದ ದಿನ ಯೂನಿಟ್ಟಿನಲ್ಲಿ ಇಂಜುರಿ ರಿಪೋರ್ಟ್ ತುಂಬಿರಲಿಲ್ಲ. ಬ್ಯಾಂಡೇಜ್ ಕಟ್ಟಿ ಎರಡು ದಿನ ರೆಸ್ಟ್ ಕೊಟ್ಟರು, ಅಷ್ಟೇ. ಆ ಒಂದು ಹಾಳೆ ಇದ್ದಿದ್ದರೆ ಬೋರ್ಡ್ ಹಾಗೆ ಬರೆಯುವುದು ಸುಲಭ ಇರಲಿಲ್ಲ. ನಾನು ಫೋನಿನಲ್ಲಿ ಇದನ್ನು ಹೇಳಿದಾಗ ಅಣ್ಣ ಕೇಳಿದರು: ‘ನೀ ಹೇಳೂದು ಖರೆ ಐತಿ ತಮ್ಮಾ. ಆದ್ರ ಅವತ್ತ ಇದನ್ನ ನನಗ ಯಾರ ಹೇಳಬೇಕಿತ್ತು?’

ಆ ಪ್ರಶ್ನೆಗೆ ಉತ್ತರ ನಮ್ಮ ವ್ಯವಸ್ಥೆಯಲ್ಲಿ ಇಲ್ಲ. ಕಾನೂನು ಸೈನಿಕನ ಕಡೆಗೇ ಇದೆ. ಅಮೆರಿಕದ ಕಾನೂನಿನಲ್ಲಿ ಪರ ವಿರೋಧ ಸಾಕ್ಷ್ಯ ಹೆಚ್ಚುಕಡಿಮೆ ಸಮ ಇದ್ದರೆ ಸಂಶಯದ ಲಾಭ ಮಾಜಿ ಸೈನಿಕನಿಗೆ ಅಂತ ಇದೆ. ಭಾರತದ 1982ರ ನಿಯಮಗಳೂ ಅದನ್ನೇ ಹೇಳಿದವು. ಧರಮ್‌ವೀರ್ ಸಿಂಗ್ ಪ್ರಕರಣ ನೋಡಿ. 1985ರಲ್ಲಿ ಸೇನೆಗೆ ಸೇರಿದವರು. 1994ರಲ್ಲಿ ಫಿಟ್ಸ್ ಕಾಯಿಲೆ ಅಂತ ಶೇ. 20 ಬರೆದು ಹೊರಗೆ ಕಳಿಸಿದರು, ಹುಟ್ಟಿನ ದೋಷ ಅಂತ ಪಿಂಚಣಿ ನಿರಾಕರಿಸಿದರು. ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು: ಸೇರಿಸಿಕೊಳ್ಳುವಾಗ ಆ ಕಾಯಿಲೆ ಇತ್ತು ಅಂತ ದಾಖಲೆ ಇಲ್ಲವಾದರೆ ಅದು ಸೇವೆಯಲ್ಲೇ ಬಂದದ್ದು ಅಂತ ಹಿಡಿಯಬೇಕು, ಸಾಬೀತು ಮಾಡುವ ಹೊಣೆ ಸೈನಿಕನ ಮೇಲೆ ಇಲ್ಲ. ತೀರ್ಪು ಚಿನ್ನದಂಥದ್ದು. ಆದರೆ 1994ರಿಂದ 2013ರವರೆಗೆ ಆ ಮನೆ ಹೇಗೆ ನಡೆಯಿತು?

ಇನ್ನೊಂದು ವಿಷಯ ನಮ್ಮ ಕಡೆಯ ಎಷ್ಟೋ ಮಾಜಿ ಸೈನಿಕರಿಗೆ ಇನ್ನೂ ಗೊತ್ತಿಲ್ಲ. ಶೇಕಡಾವಾರನ್ನು ಮೇಲಕ್ಕೆ ಸರಿಸುವ ನಿಯಮ ಭಾರತದಲ್ಲಿ ಅಮೆರಿಕಕ್ಕಿಂತ ಉದಾರವಾಗಿದೆ. 50ಕ್ಕಿಂತ ಕಡಿಮೆ ಇದ್ದರೆ 50, 50ರಿಂದ 75 ಇದ್ದರೆ 75, ಅದರ ಮೇಲೆ 100. ಅಂಗವೈಕಲ್ಯದಿಂದ ಸೇವೆಯ ನಡುವೆಯೇ ಹೊರಗೆ ಕಳಿಸಿದವರಿಗೆ ಮಾತ್ರ ಇದು ಅಂತ ಸರ್ಕಾರ ಹೇಳುತ್ತಿತ್ತು. 2014ರ ರಾಮ್ ಅವತಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸೇವೆ ಮುಗಿಸಿ ಬಂದವರಿಗೂ ಕೊಡಿ ಅಂದಿತು. ಅಂದರೆ ಅಣ್ಣನ 20 ಗೆದ್ದರೆ 50 ಆಗುತ್ತದೆ. ತಡ ಮಾಡಿದರೆ ಹಕ್ಕು ಸಾಯುವುದಿಲ್ಲ. ಆದರೆ 2008ರ ತರ್ಸೇಮ್ ಸಿಂಗ್ ತೀರ್ಪಿನಂತೆ ಹಳೆಯ ಬಾಕಿ ಸಾಮಾನ್ಯವಾಗಿ ಅರ್ಜಿ ಹಾಕುವ ಹಿಂದಿನ 3 ವರ್ಷಕ್ಕೇ ನಿಲ್ಲುತ್ತದೆ. ಹಾಗಾಗಿ ಸುಮ್ಮನೆ ಕೂತ ಪ್ರತಿ ವರ್ಷವೂ ನಷ್ಟವೇ.

ಇಷ್ಟೆಲ್ಲ ಸಿಗುವುದು ಎಲ್ಲಿ? ಸೇನೆಗೆ ಒಂದು ಅಪೀಲು, ಆಮೇಲೆ ಎರಡನೆಯದು, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2009ರಲ್ಲಿ ಶುರುವಾದ ಈ ಮಂಡಳಿಗೆ ಕರ್ನಾಟಕದಲ್ಲಿ ಖಾಯಂ ಪೀಠ ಇಲ್ಲ. ಬೈಲಹೊಂಗಲದ ಹವಾಲ್ದಾರರು ಕುಂಟುಕಾಲಿನಲ್ಲಿ ವಕೀಲರನ್ನು ಹುಡುಕಿಕೊಂಡು ಹೊರರಾಜ್ಯಕ್ಕೆ ಅಲೆಯಬೇಕು. ಗೆದ್ದರೂ ಸರ್ಕಾರ ಮೇಲಿನ ಕೋರ್ಟಿಗೆ ಹೋಗಬಹುದು. ಮನೋಹರ್ ಪರಿಕ್ಕರ್ ರಕ್ಷಣಾ ಮಂತ್ರಿಯಾಗಿದ್ದಾಗ, 2015ರಲ್ಲಿ, ಇಂಥ ವ್ಯಾಜ್ಯ ಕಡಿಮೆ ಮಾಡಲೆಂದೇ ತಜ್ಞರ ಸಮಿತಿ ಮಾಡಿದ್ದರು. ಸ್ವಂತ ಸೈನಿಕನ ಮಂಡಿಯ ವಿರುದ್ಧ ಸರ್ಕಾರ ಸುಪ್ರೀಂ ಕೋರ್ಟಿನವರೆಗೆ ವಾದಿಸುವುದನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ.

ಇಲ್ಲಿ ವೈದ್ಯರ ಕೋಣೆಗೆ ಹೋಗುವ ಮೊದಲು ಸಿಗುವ ನೆರವು ಅಲ್ಲಿ ಕೋರ್ಟಿನ ಮೆಟ್ಟಿಲಲ್ಲಿ, ಅದೂ ದುಡ್ಡು ಕೊಟ್ಟರೆ ಸಿಗುತ್ತದೆ. ಇದನ್ನು ಸರಿಪಡಿಸಲು ಕೋಟಿಗಟ್ಟಲೆ ಬೇಕಿಲ್ಲ. ಕರ್ನಾಟಕದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗಳು ಜಿಲ್ಲೆಗಳಲ್ಲಿ ಆಗಲೇ ಇವೆ. ಬೆಳಗಾವಿ, ಕೊಡಗಿನಂಥ ಜಿಲ್ಲೆಗಳಲ್ಲಿ ಈ ಕಾಗದಗಳನ್ನು ಅರೆದು ಕುಡಿದ ನಿವೃತ್ತ ಕ್ಲರ್ಕುಗಳು, ಸುಬೇದಾರರು ಬೇಕಾದಷ್ಟು ಇದ್ದಾರೆ. ಅವರಿಗೆ ತರಬೇತಿ, ಮಾನ್ಯತೆ ಕೊಡಿ. ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲೋ ಬೇರೆಲ್ಲೋ ಬೋರ್ಡ್ ನಡೆಯುವ ಮೊದಲು ಅಂಥ ಒಬ್ಬರು ಫೈಲು ತೆರೆದು, ಯಾವ ಹಾಳೆ ಇಲ್ಲ, ಯಾರಿಂದ ಸಾಕ್ಷಿ ಬರೆಸಬೇಕು ಅಂತ ಕನ್ನಡದಲ್ಲೇ ಹೇಳುವಂತಾಗಲಿ. ಬೋರ್ಡಿನ ತೀರ್ಮಾನಕ್ಕೆ ಅಲ್ಲೇ ಲಿಖಿತ ಆಕ್ಷೇಪ ಹಾಕಲು ಕಾಲಾವಕಾಶ ಇರಲಿ.

ಇದು ಈಗ ಇನ್ನೂ ತುರ್ತು. 2023ರ ಸೆಪ್ಟೆಂಬರಿನಲ್ಲಿ ಅಂಗವೈಕಲ್ಯ ಪಿಂಚಣಿಗೆ ಹೊಸ ಅರ್ಹತಾ ನಿಯಮಗಳು ಬಂದಿವೆ. ಅಗ್ನಿವೀರರ ಲೆಕ್ಕವೇ ಬೇರೆ. 2022ರಲ್ಲಿ ಪ್ರಕಟವಾದ ಪ್ರಕಾರ ಅವರಿಗೆ ಅಂಗವೈಕಲ್ಯ 100 ಆದರೆ 44 ಲಕ್ಷ, 75 ಆದರೆ 25 ಲಕ್ಷ, 50 ಆದರೆ 15 ಲಕ್ಷ, ಒಂದೇ ಸಲ. ತಿಂಗಳ ಪಿಂಚಣಿ ಇಲ್ಲ. 19 ವರ್ಷದ ಹುಡುಗನಿಗೆ ಸೊಂಟ ಹೋದರೆ ಆ ಒಂದು ಮೊತ್ತದಲ್ಲಿ ಇನ್ನೂ 50 ವರ್ಷ ದೂಡಬೇಕು. ಅವನ ಬೋರ್ಡಿನಲ್ಲಿ ಒಂದು ಕಾಲಂ ತಪ್ಪಾದರೆ ಅದೂ ಇಲ್ಲ.

ಅಣ್ಣ ಈಗ ಅಂದಿನ ಪೋಸ್ಟಿನಲ್ಲಿ ಜೊತೆಗಿದ್ದ ಇಬ್ಬರನ್ನು ಪತ್ತೆ ಹಚ್ಚಿದ್ದಾರೆ. ಒಬ್ಬರು ವಿಜಯಪುರದ ಕಡೆಯವರು, ಇನ್ನೊಬ್ಬರು ಸಾತಾರಾದವರು. ಇಬ್ಬರೂ ಬಿದ್ದದ್ದನ್ನು ಕಣ್ಣಾರೆ ಕಂಡದ್ದಾಗಿ ಅಫಿಡವಿಟ್ ಬರೆದುಕೊಡಲು ಒಪ್ಪಿದ್ದಾರೆ. ಡಿಸ್ಚಾರ್ಜ್ ಬುಕ್, ಬೋರ್ಡಿನ ನಕಲು, ಮಂಡಿ ಆಪರೇಶನ್ನಿನ ಕಾಗದ ಎಲ್ಲ ಒಂದೇ ಫೈಲಿಗೆ ಬಂದಿವೆ. ಅರ್ಜಿ ಈ ತಿಂಗಳು ಹೋಗುತ್ತದೆ. ನಿಮ್ಮ ಮನೆಯ ಹುಡುಗ ಸೇನೆಯಲ್ಲಿದ್ದರೆ ಮುಂದಿನ ರಜೆಗೆ ಬಂದಾಗ ಕೇಳಿ: ಏಟು ಬಿದ್ದಿತ್ತಾ, ಇಂಜುರಿ ರಿಪೋರ್ಟ್ ಆಯಿತಾ, ಅದರ ನಕಲು ನಿನ್ನ ಹತ್ತಿರ ಇದೆಯಾ?