ಬೀಜ ಬೀಳೋಕೆ ಮರ ಬೇಕಲ್ವಾ?

ಗುಡ್ಡದಿಂದ ಕುರಿ ಓಡಿಸಿ ಸುಮ್ನೆ ಬಿಟ್ಟರೆ ಕಾಡು ತಾನೇ ಬರುತ್ತೆ ಅಂತ ಬರೆದಿದ್ದೀರಿ. ಸ್ಕಾಟ್ಲೆಂಡಿನ ಮಟ್ಟಿಗೆ ಅದು ಅರ್ಧ ನಿಜ ಅಷ್ಟೇ. ಬೀಜ ಬೀಳೋಕೆ ಹತ್ತಿರದಲ್ಲಿ ಮರ ಇರಬೇಕಲ್ವಾ?

ಮಾಫಟ್ ಊರಿನ ಬಳಿಯ ಕ್ಯಾರಿಫ್ರಾನ್ ಕಣಿವೆಯನ್ನೇ ನೋಡಿ. ಕುರಿ, ಮೇಕೆ ಮೇದು ಮೇದು ಅಲ್ಲಿ ಬೆರಳೆಣಿಕೆಯ ಮರ ಉಳಿದಿದ್ದವು. ಹಳ್ಳದ ಪಕ್ಕ ಒಂಟಿ ರೋವನ್ (ಕೆಂಪು ಹಣ್ಣು ಬಿಡುವ ಸಣ್ಣ ಮರ) ಮರವೊಂದು. ಜನರೇ ಚಂದಾ ಎತ್ತಿ ಜಾಗ ಕೊಂಡು, 2000ದ ಜನವರಿ 1ರಂದು ಸಸಿ ನೆಡೋಕೆ ಶುರು ಮಾಡಿದರು. ಯಾವ ಸಸಿ ಅನ್ನೋದನ್ನು ಗುಡ್ಡದ ಮೇಲಿನ ಜೌಗಿನಲ್ಲಿ ಸಾವಿರಾರು ವರ್ಷದಿಂದ ಹೂತಿದ್ದ ಪರಾಗ ನೋಡಿ, ಹಿಂದೆ ಅಲ್ಲಿ ಯಾವ ಮರ ಇದ್ದವು ಅಂತ ತಿಳಿದು ಆರಿಸಿದರು. (ಅದೇ ಜೌಗಿನಲ್ಲಿ ಸುಮಾರು 6000 ವರ್ಷ ಹಳೆಯ ಬಿಲ್ಲೂ ಸಿಕ್ಕಿತ್ತು!)

ಇಲ್ಲಿ ಸಸಿ ನೆಡೋದು ಚಳಿಗಾಲದಲ್ಲಿ, ಬೇರಿಗೆ ಮಣ್ಣಿಲ್ಲದೆ, ಎಲೆ ಉದುರಿ ಕಡ್ಡಿಯಂತಿರುವಾಗ. ನೆಲ ಹೆಪ್ಪುಗಟ್ಟಿದ್ದರೆ ಗುದ್ದಲಿ ಟಣ್ ಅನ್ನುತ್ತೆ, ಆ ದಿನ ಫ್ಲಾಸ್ಕಿನ ಚಹಾ ಕುಡಿದು ವಾಪಸ್. ಹಾಗಾಗಿ ಅಕ್ಟೋಬರಿನಿಂದಲೇ ಮೂರು ತಿಂಗಳ ಹವಾಮಾನ ಮುನ್ಸೂಚನೆ ನೋಡುತ್ತಾ ಕೂರುತ್ತೇನೆ. ಮನೆಯವಳು ಅದನ್ನು ನನ್ನ ಪಂಚಾಂಗ ಅನ್ನುತ್ತಾಳೆ. ಅದು ಹೇಳೋದು ಚಳಿ ಜಾಸ್ತಿಯಾಗುವ ಸಾಧ್ಯತೆ ಎಷ್ಟು ಅಂತ ಮಾತ್ರ. ಯಾವ ಶನಿವಾರ ಹಿಮ ಬೀಳುತ್ತೆ ಅಂತಲ್ಲ. 2018ರ ಫೆಬ್ರವರಿ ನಡುವೆ ಉತ್ತರ ಧ್ರುವದ ಮೇಲೆ, ಬಹಳ ಎತ್ತರದಲ್ಲಿ, ವಾಯುಮಂಡಲ ಇದ್ದಕ್ಕಿದ್ದಂತೆ ಬಿಸಿಯಾಗಿ ಅಲ್ಲಿನ ಪಶ್ಚಿಮದ ಗಾಳಿ ದಿಕ್ಕು ಬದಲಿಸಿತು. ಎರಡು ವಾರದಲ್ಲಿ ಪೂರ್ವದ ಗಾಳಿ ಬ್ರಿಟನ್ನನ್ನೇ ಹಿಮದಲ್ಲಿ ಮುಚ್ಚಿತು. ಅಂಥದ್ದನ್ನು ಅಕ್ಟೋಬರಿನಲ್ಲೇ ದಿನಾಂಕ ಸಮೇತ ಹೇಳುವವರ ಮಾತು ನಾನಂತೂ ನಂಬಲ್ಲ.