ಚಾ-ಬಿಸ್ಕಿಟ್ ಲೆಕ್ಕ ಮತ್ತು ದೇಶದ ಸಾರ್ವಭೌಮತೆ

ಮೊನ್ನೆ ಸಂಜೆ ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ಸುಸಲಾ ತಿನ್ನುತ್ತಾ ನಿಂತಿದ್ದೆವು. ನಮ್ಮ ಮಾಸ್ತರು ಮಿರ್ಚಿ ಮುರಿಯುತ್ತಾ ಹೇಳಿದರು: "ಹೊರದೇಶದ ರೊಕ್ಕ ತಗೊಳ್ಳೋ ಸಂಸ್ಥಾ ಎಲ್ಲಾ ಬಂದ್ ಮಾಡ್ಬೇಕ್ ನೋಡಪಾ. ಯಾವನೂ ಸುಮ್ಮ ಕೊಡಂಗಿಲ್ಲ. ಇವತ್ತ ರೊಕ್ಕ ಕೊಡ್ತಾನ, ನಾಳಿ ನಾ ಹೇಳ್ದಂಗ ಕೇಳು ಅಂತಾನ."

ಅವರು ನನಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಈಗ ನಿವೃತ್ತರು. ಅವರ ಎದುರು ವಾದ ಮಾಡುವಾಗ ನನಗೆ ಈಗಲೂ ಗಂಟಲು ಒಣಗುತ್ತೆ. ಹಾಗಾಗಿ ಅಲ್ಲಿ ಅರ್ಧ ಹೇಳಿ ಬಂದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲೇ ಹೇಳಿಬಿಡುತ್ತೇನೆ. ನಾನು ಎಂಟು ವರ್ಷ ಇಂಥದ್ದೇ ಒಂದು ಸಂಸ್ಥೆಯ ಲೆಕ್ಕ ಬರೆದವನು. ಕಲಬುರಗಿ ಜಿಲ್ಲೆಯ ಆಳಂದ ಕಡೆಯ ಸಣ್ಣ ಸಂಸ್ಥೆ, ಹೆಸರು ಬೇಡ. ದೀಪಾವಳಿ ಮುಗಿದರೆ ನಮ್ಮ ಕಡೆ ಅರ್ಧ ತಾಂಡಾ ಖಾಲಿ ಆಗುತ್ತೆ. ಕೆಲವರು ಕಬ್ಬು ಕಡಿಯಲು, ಕೆಲವರು ಪುಣೆ, ಮುಂಬೈಗೆ ಕಟ್ಟಡ ಕೆಲಸಕ್ಕೆ. ಮಕ್ಕಳು ಆಯಿ-ಮುತ್ಯಾನ (ಅಜ್ಜಿ-ಅಜ್ಜನ) ಹತ್ತಿರ ಉಳಿಯುತ್ತವೆ. ಆ ಮಕ್ಕಳಿಗೆ ಸಂಜೆ ಹೊತ್ತು ಒಂದು ಕೋಣೆ, ಇಬ್ಬರು ಟೀಚರು, ರಾತ್ರಿ ರೊಟ್ಟಿ-ಬ್ಯಾಳಿ. ಒಟ್ಟು 64 ಮಕ್ಕಳು. ದುಡ್ಡು ಜರ್ಮನಿಯಿಂದ ಬೆಂಗಳೂರಿನ ಒಂದು ದೊಡ್ಡ ಸಂಸ್ಥೆಗೆ ಬರುತ್ತಿತ್ತು. ಅಲ್ಲಿಂದ ನಮಗೆ. ಅಂದರೆ ಮಾಸ್ತರು ಬಂದ್ ಮಾಡಬೇಕು ಅಂದದ್ದು ನಮ್ಮನ್ನೇ.

ಆದರೆ ಅವರ ಭಯ ಸುಳ್ಳು ಅಂತ ನಾನು ಹೇಳಲಾರೆ. ನಮ್ಮ ಮುತ್ಯಾ ಆ ಭಯವನ್ನು ತಿಂದೇ ನೋಡಿದವರು.

ಬರಗಾಲದ ಒಂದು ವರ್ಷ ರೇಷನ್ ಅಂಗಡಿಗೆ ಕೆಂಪು ಜೋಳ ಬಂತಂತೆ. ಅಮೆರಿಕದ್ದು. ಇಸವಿ ಮುತ್ಯಾನಿಗೆ ನೆನಪಿರಲಿಲ್ಲ, ಬಣ್ಣ ಮಾತ್ರ ನೆನಪಿತ್ತು. ಬಿಳಿ ಜೋಳದ ರೊಟ್ಟಿ ತಿಂದು ಬೆಳೆದ ಜನ ನಾವು. ಈ ಹಿಟ್ಟಿಗೆ ಜಿಗಿ ಇಲ್ಲ. ಬಡಿದರೆ ಅಂಚು ಹರಿಯುತ್ತೆ. ಹಂಚಿನ ಮೇಲೆ ಉಬ್ಬುವುದಿಲ್ಲ. ಇಡೀ ಓಣಿಯಲ್ಲೇ ರೊಟ್ಟಿ ಬಡಿಯುವುದರಲ್ಲಿ ಹೆಸರು ಮಾಡಿದ್ದ ನಮ್ಮ ಆಯಿ ಅವತ್ತು ಒಲೆ ಮುಂದೆ ಕೂತು ಅತ್ತಳಂತೆ. "ಅವ್ರ ದೇಶದಾಗ ದನಕ್ಕ ಹಾಕೋ ಜೋಳ, ನಮಗ ಹಾಕ್ಯಾರ" ಅಂತ ಮುತ್ಯಾ ಎಂಬತ್ತು ದಾಟಿದ ಮೇಲೂ ಸಿಟ್ಟಾಗುತ್ತಿದ್ದರು. ಸಿಟ್ಟಿನ ಬೆನ್ನಿಗೇ ಇನ್ನೊಂದು ಮಾತು ಬರುತ್ತಿತ್ತು. "ಆದ್ರ ತಿಂದು ಬದುಕೀವಿ."

ಆ ಜೋಳದ ಹಿಂದಿನ ಕಥೆ ನಾನು ದೊಡ್ಡವನಾದ ಮೇಲೆ ಓದಿಕೊಂಡದ್ದು. ಅಮೆರಿಕದ ಪಿಎಲ್-480 ಕಾನೂನು 1954ರದ್ದು. ನಾವು ಒಪ್ಪಂದ ಮಾಡಿಕೊಂಡದ್ದು 1956ರಲ್ಲಿ. ಡಾಲರ್ ಬೇಡ, ರೂಪಾಯಿ ಕೊಟ್ಟು ಧಾನ್ಯ ತಗೊಳ್ಳಿ ಅಂತ. ಚೆನ್ನಾಗೇ ಇತ್ತು. 1965 ಮತ್ತು 66ರಲ್ಲಿ ಎರಡು ವರ್ಷ ಬೆನ್ನುಬೆನ್ನಿಗೆ ಮಳೆ ಕೈಕೊಟ್ಟಿತು. ಆಗ ಅಧ್ಯಕ್ಷ ಜಾನ್ಸನ್ ಹಗ್ಗ ಗಿಡ್ಡ ಮಾಡಿದರು. ವರ್ಷದ ಒಪ್ಪಂದ ಇಲ್ಲ, ತಿಂಗಳ ಲೆಕ್ಕದಲ್ಲಿ ಹಡಗು ಬಿಡುವುದು. ನಮ್ಮ ಕೃಷಿ ನೀತಿ ಬದಲಾಗಬೇಕು ಅಂತ ಒಂದು ಒತ್ತಡ. ವಿಯೆಟ್ನಾಂ ಯುದ್ಧದ ಬಗ್ಗೆ ಭಾರತ ಆಡಿದ ಮಾತು ಅವರಿಗೆ ಹಿಡಿಸಲಿಲ್ಲ ಅನ್ನುವುದು ಇನ್ನೊಂದು. 1966ರ ಜೂನ್‌ನಲ್ಲಿ ರೂಪಾಯಿ ಬೆಲೆಯನ್ನೂ ಇಳಿಸಬೇಕಾಯಿತು. 4.76 ರೂಪಾಯಿಗೆ ಸಿಗುತ್ತಿದ್ದ ಡಾಲರ್ 7.50 ಆಯಿತು. ಇದರ ಹಿಂದೆಯೂ ಸಾಲ ಕೊಡುವವರ ಒತ್ತಡ ಇತ್ತು. ಹಡಗು ಬಂದರೆ ಊಟ, ಇಲ್ಲದಿದ್ದರೆ ಇಲ್ಲ. ಸಾರ್ವಭೌಮತೆ ಅನ್ನುವ ಗಟ್ಟಿ ಪದಕ್ಕೆ ನನಗೆ ಗೊತ್ತಿರುವ ಅರ್ಥ ಇದೇ. ಆಯಿಯ ಹರಿದ ರೊಟ್ಟಿ. (ಹೊಲದ ಬದುವಿನಲ್ಲಿ ಬೆಳೆಯುವ ಕಾಂಗ್ರೆಸ್ ಕಸವೂ ಅಮೆರಿಕದಿಂದ ಬಂದ ಗೋಧಿ ಜೊತೆಗೇ ಬಂತು ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಕಿತ್ತು ಕಿತ್ತು ಸಾಕಾದವರಿಗೆ ಪುರಾವೆ ಬೇಕಿಲ್ಲ.)

ಆದರೆ ಇಲ್ಲಿ ಒಂದು ವಿಷಯ ನೋಡಿ. ಆ ಹಗ್ಗ ಯಾವ ಎನ್‌ಜಿಒ ಕೈಯಲ್ಲೂ ಇರಲಿಲ್ಲ. ಒಂದು ಸರ್ಕಾರ ಇನ್ನೊಂದು ಸರ್ಕಾರಕ್ಕೆ ಕೊಟ್ಟ ನೆರವು ಅದು. ಎಫ್‌ಸಿಆರ್‌ಎ ಅಂದರೆ ವಿದೇಶಿ ದೇಣಿಗೆ ಕಾಯ್ದೆ. ಸಂಸ್ಥೆಗಳಿಗೆ ಬರುವ ಹೊರದೇಶದ ದುಡ್ಡಿನ ಮೇಲೆ ಕಣ್ಣಿಡುವ ಈ ಕಾಯ್ದೆ ಕಾಯುವ ಬಾಗಿಲೇ ಬೇರೆ. ವಿಶ್ವಬ್ಯಾಂಕನ್ನು ಅದು ವಿದೇಶಿ ಮೂಲ ಅಂತ ಎಣಿಸುವುದೇ ಇಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪ ಆದಾಗ ಇಲ್ಲಿ ನಮ್ಮ ಮನೆಯ ಪಾತ್ರೆಗಳೂ ಉರುಳಿದ್ದವು. ಅಲ್ಲಿ ಊರು ಕಟ್ಟಲು ವಿಶ್ವಬ್ಯಾಂಕ್ ಸಾಲ ಬಂತು. ದೇಶದ ಮಾನ ಹೋಯಿತು ಅಂತ ನಮ್ಮ ಓಣಿಯಲ್ಲಿ ಯಾರೂ ಅಂದದ್ದು ನನಗೆ ನೆನಪಿಲ್ಲ.

ಈ ಕಾಯ್ದೆ ಒಂದು ಪಕ್ಷದ್ದು ಅಂತ ಜಗಳ ಆಡುವವರಿಗೂ ಒಂದು ಮಾತು. ಮೊದಲು ಬಂದದ್ದು 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ. "ವಿದೇಶಿ ಕೈ" ಅನ್ನುವ ಮಾತು ಆಗ ಇಂದಿರಾ ಗಾಂಧಿಯವರದು. 2010ರಲ್ಲಿ ಅದನ್ನು ಹೊಸದಾಗಿ ಬರೆದದ್ದು ಕಾಂಗ್ರೆಸ್ ಮುಂದಾಳತ್ವದ ಯುಪಿಎ ಸರ್ಕಾರ. 2012ರಲ್ಲಿ ತಮಿಳುನಾಡಿನ ಕೂಡಂಕುಳಂ ಅಣುಸ್ಥಾವರ ಬೇಡ ಅನ್ನುವ ಹೋರಾಟದ ಹಿಂದೆ ಅಮೆರಿಕದ ಸಂಸ್ಥೆಗಳಿವೆ ಅಂದವರು ಮನಮೋಹನ್ ಸಿಂಗ್. 2020ರಲ್ಲಿ ಬಿಗಿ ಮಾಡಿದ್ದು ಈಗಿನ ಸರ್ಕಾರ. ಕುರ್ಚಿ ಮೇಲೆ ಕೂತವರಿಗೆಲ್ಲ ಆ ಕೈ ಕಾಣುತ್ತೆ. ಕುರ್ಚಿ ಬಿಟ್ಟ ಮೇಲೆ ಕಾಣುವುದಿಲ್ಲ.

2020ರ ವಿಷಯಕ್ಕೆ ಬರುತ್ತೇನೆ. ದೇಶದ ಮೊದಲ ಕೋವಿಡ್ ಸಾವು ಆದದ್ದು ನಮ್ಮ ಕಲಬುರಗಿಯಲ್ಲಿ, ಆ ವರ್ಷದ ಮಾರ್ಚ್‌ನಲ್ಲಿ. ಮೇ ತಿಂಗಳಿಗೆ ಮುಂಬೈಯಿಂದ ನಮ್ಮ ಜನ ಲಾರಿ, ರೈಲು, ಕಾಲ್ನಡಿಗೆ ಅಂತ ಯಾದಗಿರಿ, ಕಲಬುರಗಿಗೆ ವಾಪಸ್ ಬಂದರು. ನಮ್ಮ ಕೋಣೆ ಅವತ್ತು ಊಟದ ಮನೆ ಆಯಿತು. ಸೆಪ್ಟೆಂಬರ್‌ನಲ್ಲಿ ಸಂಸತ್ತು ಮೂರೇ ದಿನದಲ್ಲಿ ತಿದ್ದುಪಡಿ ಪಾಸ್ ಮಾಡಿತು. 21ಕ್ಕೆ ಲೋಕಸಭೆ, 23ಕ್ಕೆ ರಾಜ್ಯಸಭೆ.

ಅದರಲ್ಲಿ ಏನಿತ್ತು? ವಿದೇಶಿ ದುಡ್ಡು ಮೊದಲು ಬಂದು ಬೀಳುವ ಖಾತೆ ದಿಲ್ಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲೇ ಇರಬೇಕು. ಆಳಂದದಲ್ಲಿ ಕೂತು ದಿಲ್ಲಿಯಲ್ಲಿ ಖಾತೆ. ಸರಿ, ತೆರೆದೆವು. ಆಡಳಿತದ ಖರ್ಚು ಮೊದಲು ನೂರಕ್ಕೆ 50ರವರೆಗೆ ಇರಬಹುದಿತ್ತು, ಅದು 20ಕ್ಕೆ ಇಳಿಯಿತು. ಟೀಚರ ಸಂಬಳ ಇದರಲ್ಲಿ ಬರುವುದಿಲ್ಲ, ಲೆಕ್ಕ ಬರೆಯುವವನ ಸಂಬಳ ಬರುತ್ತೆ. ಕತ್ತರಿ ಬಿದ್ದದ್ದು ನನ್ನ ಮೇಲೆ. ಅದಕ್ಕೂ ನನಗೆ ಅಷ್ಟು ಸಿಟ್ಟಿಲ್ಲ. ಆ 50ರ ನೆಪದಲ್ಲಿ ಏಸಿ ಕಾರು ಕೊಂಡವರನ್ನೂ ನೋಡಿದ್ದೇನೆ.

ನಮ್ಮ ಕೋಣೆಗೆ ಬೀಗ ಹಾಕಿಸಿದ್ದು ಮೂರನೇದು. ಒಂದು ಸಂಸ್ಥೆ ತನಗೆ ಬಂದ ವಿದೇಶಿ ದುಡ್ಡನ್ನು ಇನ್ನೊಂದು ಸಂಸ್ಥೆಗೆ ಕೊಡುವಂತಿಲ್ಲ. ಆ ಇನ್ನೊಂದಕ್ಕೂ ನೋಂದಣಿ ಇದ್ದರೂ ಕೊಡುವಂತಿಲ್ಲ. ಕೇಳಲು ಸರಿ ಅನಿಸುತ್ತೆ. ಯಾರಿಗೆ ಬಂತೋ ಅವರೇ ಖರ್ಚು ಮಾಡಲಿ, ಅಲ್ವಾ? ಆದರೆ ಬೆಂಗಳೂರಿನ ಆಫೀಸಿನವರು ಆಳಂದದ ತಾಂಡಾಕ್ಕೆ ಬಂದು ರೊಟ್ಟಿ ಬಡಿಸುತ್ತಾರಾ? ಜರ್ಮನಿಯವರಿಗೆ ಆಳಂದ ಎಲ್ಲಿದೆ ಅಂತ ಗೊತ್ತಾ? ದೊಡ್ಡವರ ಹತ್ತಿರ ದುಡ್ಡು ಉಳಿಯಿತು, ನಮ್ಮ ಹತ್ತಿರ ಮಕ್ಕಳು ಉಳಿದವು. ಸುಪ್ರೀಂ ಕೋರ್ಟು 2022ರ ಏಪ್ರಿಲ್‌ನಲ್ಲಿ ಈ ತಿದ್ದುಪಡಿಗಳನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ವಿದೇಶಿ ದೇಣಿಗೆ ಪಡೆಯುವುದು ಪರಿಪೂರ್ಣ ಹಕ್ಕು ಅಲ್ಲ ಅಂದಿತು. ಹಕ್ಕು ಅಂತ ನಾವೂ ಕೇಳಿರಲಿಲ್ಲ.

ಈಗ ನನಗೆ ನಿಜವಾಗಿ ಸಿಟ್ಟು ಬರುವ ಜಾಗ. 2014ರಲ್ಲಿ ದಿಲ್ಲಿ ಹೈಕೋರ್ಟು ಒಂದು ತೀರ್ಪು ಕೊಟ್ಟಿತು. ವಿದೇಶಿ ಕಂಪನಿಯ ಒಡೆತನದ ಕಂಪನಿಗಳಿಂದ ದೇಣಿಗೆ ತಗೊಂಡು ಕಾಂಗ್ರೆಸ್ಸೂ ಬಿಜೆಪಿಯೂ ಇದೇ ಕಾಯ್ದೆಯನ್ನು ಮುರಿದಿವೆ ಅಂತ. ಆಮೇಲೆ ಏನಾಯಿತು ಗೊತ್ತಾ? 2016ರ ಹಣಕಾಸು ಮಸೂದೆಯಲ್ಲಿ ವಿದೇಶಿ ಮೂಲ ಅನ್ನುವ ಪದದ ಅರ್ಥವನ್ನೇ ಬದಲಿಸಿದರು. ಅದೂ 2010ರಿಂದ ಲಾಗೂ ಆಗುವಂತೆ. ಹಳೆಯ ದೇಣಿಗೆಗಳು ಅದರಲ್ಲಿ ಪೂರ್ತಿ ಮುಚ್ಚಲಿಲ್ಲ ಅಂತ ಕಾಣುತ್ತೆ, 2018ರಲ್ಲಿ ಇನ್ನೂ ಹಿಂದಕ್ಕೆ ಎಳೆದರು. 1976ರ ಆಗಸ್ಟ್ 5ರಿಂದಲೇ ಅಂತ. ಲೋಕಸಭೆಯಲ್ಲಿ ಗಲಾಟೆ ನಡುವೆ, ಚರ್ಚೆಯೇ ಇಲ್ಲದೆ ಪಾಸ್ ಆಯಿತು. 42 ವರ್ಷ ಹಿಂದಕ್ಕೆ ಹೋಗಿ ತಪ್ಪನ್ನು ತಪ್ಪಲ್ಲ ಅಂತ ಮಾಡಿಕೊಂಡವರು, ನಮ್ಮ ಒಂದು ರಿಟರ್ನ್ ತಡ ಆದರೆ ನೋಟಿಸ್ ಕಳಿಸುತ್ತಾರೆ. ದೇಶದ ಮೇಲೆ ಹೊರಗಿನವರ ಪ್ರಭಾವ ಬೀಳಬಾರದು ಅನ್ನುವುದಾದರೆ ಮೊದಲು ಯಾರ ಜೇಬು ನೋಡಬೇಕು? ಕಾನೂನು ಮಾಡುವವರದಾ, ತಾಂಡಾದ ಸಂಜೆ ಶಾಲೆಯದಾ?

ಕೋವಿಡ್ ಹೊತ್ತಿನಲ್ಲಿ ತೆರೆದ ಪ್ರಧಾನಿ ಹೆಸರಿನ ನಿಧಿ ಪಿಎಂ ಕೇರ್ಸ್‌ಗೂ 2020ರಲ್ಲೇ ಈ ಕಾಯ್ದೆಯಿಂದ ವಿನಾಯಿತಿ ಸಿಕ್ಕಿತು. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ.

ಇಷ್ಟು ಬರೆದು ನಿಲ್ಲಿಸಿದರೆ ಸುಲಭ. ನಮ್ಮವರೆಲ್ಲ ಭಲೇ ಅನ್ನುತ್ತೀರಿ. ಆದರೆ ಮಾಸ್ತರ ಮಾತಿನಲ್ಲಿ ಒಂದು ಮುಳ್ಳಿದೆ. "ನಾ ಹೇಳ್ದಂಗ ಕೇಳು ಅಂತಾನ." ನಮಗೆ ಹಾಗೆ ಯಾರೂ ಹೇಳಲಿಲ್ಲವಾ? ಹೇಳಿದರು. ಧರ್ಮ ಬಿಡು, ದೇಶ ಬಿಡು ಅಂತಲ್ಲ. ಅದು ಹೇಳಿದ್ದರೆ ನಾವೇ ಓಡಿಸುತ್ತಿದ್ದೆವು. ಅವರು ಹೇಳುತ್ತಿದ್ದದ್ದು ಎಕ್ಸೆಲ್ ಹಾಳೆಯಲ್ಲಿ.

ಒಂದು ಸಲ ತಾಂಡಾದ ಹೆಣ್ಣುಮಕ್ಕಳು ಕೂತು ಒಂದೇ ಮಾತು ಕೇಳಿದರು. ಹಿಟ್ಟಿನ ಗಿರಣಿ ಬೇಕು. ಇರುವ ಗಿರಣಿ ಮೂರು ಕಿಲೋಮೀಟರ್ ದೂರ. ಕರೆಂಟು ಬರುವ ಹೊತ್ತಿಗೆ ಹೋಗಿ, ಸಾಲು ಹಚ್ಚಿ, ಬರುವಷ್ಟರಲ್ಲಿ ಅರ್ಧ ದಿನದ ಕೂಲಿ ಹೋಗುತ್ತೆ. ನಾನು ಬಜೆಟ್ ಹಾಳೆ ಪೂರ್ತಿ ಹುಡುಕಿದೆ. ಗಿರಣಿಗೆ ಜಾಗ ಇಲ್ಲ. "ಮಹಿಳಾ ನಾಯಕತ್ವ ತರಬೇತಿ" ಅಂತ ಇತ್ತು. ಬೆಂಗಳೂರಿಗೆ ಫೋನ್ ಮಾಡಿದೆವು. ಈ ವರ್ಷ ಆಗುವುದಿಲ್ಲ, ದಾನಿಗಳ ಯೋಜನೆಯಲ್ಲಿ ಇಲ್ಲ ಅಂದರು. ಸರಿ, ತರಬೇತಿ ಮಾಡಿದೆವು. ಬ್ಯಾನರ್ ಕಟ್ಟಿದೆವು, ಫೋಟೋ ತೆಗೆದೆವು, ಸಹಿ ಹಾಕಿಸಿಕೊಂಡೆವು. ಅಕ್ಕಂದಿರು ಎರಡು ದಿನ ಕೂಲಿ ಬಿಟ್ಟು ಬಂದು ನಾಯಕತ್ವ ಕಲಿತು, ಮೂರನೇ ದಿನ ತಲೆ ಮೇಲೆ ಜೋಳದ ಬುಟ್ಟಿ ಇಟ್ಟುಕೊಂಡು ಮೂರು ಕಿಲೋಮೀಟರ್ ನಡೆದರು. ಆ ವರದಿ ಬರೆದವನು ನಾನೇ. ಒಳ್ಳೆಯ ವರದಿ ಅಂತ ಶಹಬಾಸ್‌ಗಿರಿ ಕೂಡ ಸಿಕ್ಕಿತು.

ಅವತ್ತು ಕೈಬಿಟ್ಟು ಹೋದದ್ದು ದೇಶದ ಸಾರ್ವಭೌಮತೆ ಅಲ್ಲ, ಆ ತಾಂಡಾದ್ದು. ಅದನ್ನು ಯಾವ ಕಾಯ್ದೆಯೂ ಕೇಳುವುದಿಲ್ಲ. ದುಡ್ಡು ದಿಲ್ಲಿ ಬ್ಯಾಂಕಿನಿಂದ ಬಂತಾ ಅಂತ ಕೇಳುತ್ತೆ, ಪದಾಧಿಕಾರಿಯ ಗುರುತಿನ ಚೀಟಿ ಕೇಳುತ್ತೆ. ತಾಂಡಾದವರು ಏನು ಕೇಳಿದ್ದರು ಅಂತ ಕೇಳುವುದಿಲ್ಲ.

ಮಾಸ್ತರು ಇನ್ನೊಂದು ಪ್ರಶ್ನೆ ಹಾಕಿದರು. "ನಮಗ 371ಜೆ ಅದ. ಕೆಕೆಆರ್‌ಡಿಬಿಗೆ ವರ್ಷಕ್ಕ 5,000 ಕೋಟಿ ಅಂತ ಹೇಳ್ತಾರ. ಜರ್ಮನ್ಯಾವ್ರ ಮುಂದ ಯಾಕ ಕೈ ಒಡ್ಡಬೇಕು?" (371ಜೆ ಅಂದರೆ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ ವಿಧಿ, ಕೆಕೆಆರ್‌ಡಿಬಿ ನಮ್ಮ ಭಾಗದ ಅಭಿವೃದ್ಧಿ ಮಂಡಳಿ.) ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಒಡ್ಡಬಾರದು. ನಮ್ಮ ದುಡ್ಡಲ್ಲೇ ಆಗಬೇಕಾದ ಕೆಲಸ ಅದು. ಕೋಣೆ ಬಂದ್ ಆದಮೇಲೆ ಅಲ್ಲಿ ಇಲ್ಲಿ ಅರ್ಜಿ ಹಿಡಿದು ತಿರುಗಿದೆವು. ಕಟ್ಟಡಕ್ಕೆ ಅನುದಾನ ಕೇಳಿ, ಕೊಡಬಹುದು ಅಂದರು. ರೊಟ್ಟಿಗೆ, ಟೀಚರ ಸಂಬಳಕ್ಕೆ ಅವಕಾಶ ಇಲ್ಲವಂತೆ. ಒಂದು ಕಂಪನಿಯ ಸಮಾಜಸೇವೆ ದುಡ್ಡು ಹಂಚುವ ಸಿಎಸ್‌ಆರ್‌ನವರು ಮೊದಲು ಕೇಳಿದ್ದು ನಮ್ಮ ಬೋರ್ಡ್ ಎಷ್ಟು ದೊಡ್ಡದು ಇರುತ್ತೆ ಅಂತ. ಹಗ್ಗ ಸ್ವದೇಶಿ ಆದರೂ ಹಗ್ಗವೇ, ಸರ್ರ.

ಹಾಗಾದರೆ ಏನು ಮಾಡಬೇಕು ಅಂತ ಕೇಳಿದರೆ ನನ್ನ ಹತ್ತಿರ ಇರುವುದು ಒಂದೇ ಸಣ್ಣ ಸಲಹೆ. ಹೊರಗಿನ ದುಡ್ಡು ಇರಲಿ, ಒಳಗಿನದು ಇರಲಿ, ಊರಿಗೆ ಬಂದ ದುಡ್ಡಿನ ಲೆಕ್ಕವನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಬೇಕು, ಗೋಡೆಗೆ ಬರೆಯಬೇಕು. ಇದು ನನ್ನ ತಲೆಯಿಂದ ಬಂದದ್ದಲ್ಲ. 2018ರಲ್ಲಿ ನಮ್ಮ ಸಂಸ್ಥೆಯ ಹಿರಿಯರೊಬ್ಬರು ಹಠ ಹಿಡಿದು ಕೋಣೆಯ ಹೊರಗೋಡೆಗೆ ವರ್ಷದ ಲೆಕ್ಕ ಬರೆಸಿದರು. ನನಗೆ ಇಷ್ಟ ಇರಲಿಲ್ಲ. ಆಡಿಟರ್ ಇದ್ದಾರೆ, ಗೃಹ ಇಲಾಖೆಗೆ ರಿಟರ್ನ್ ಹೋಗುತ್ತೆ, ಮತ್ತೆ ಇದೆಲ್ಲ ಯಾಕೆ ಅಂತ.

ಮೂರನೇ ದಿನ ಒಬ್ಬ ಆಯಿ ಮೊಮ್ಮಗನ ಕೈಯಲ್ಲಿ ಗೋಡೆ ಓದಿಸಿದಳು. ಬ್ಯಾಳಿ ಇಷ್ಟು, ಎಣ್ಣೆ ಇಷ್ಟು, ಟೀಚರ ಪಗಾರ ಇಷ್ಟು. ತಲೆ ಆಡಿಸುತ್ತಾ ಬಂದಳು. "ಚಾ-ಬಿಸ್ಕಿಟ್ 11,400" ಅಂತ ಬಂದಾಗ ಹುಡುಗನನ್ನು ನಿಲ್ಲಿಸಿದಳು.

"ಇದು ಯಾರು ಕುಡದ್ರು?"

"ಬೆಂಗಳೂರಿಂದ ನೋಡ್ಲಾಕ ಬರ್ತಾರಲ್ಲ ಆಯಿ, ಅವ್ರಿಗಿ."

"ಅವ್ರು ಬಂದಾಗೆಲ್ಲ ಚಾ ನಮ್ಮ ಮನ್ಯಾಗ ಕುಡದಾರ. ನಾನೇ ಕುಡಸೀನಿ. ನಂಗೊಂದ್ ರುಪಾಯಿ ಕೊಟ್ಟಿಲ್ಲ."

ನನ್ನ ಬಾಯಿ ಕಟ್ಟಿಹೋಯಿತು. ಕಲಬುರಗಿ ಹೋಟೆಲಿನ ಬಿಲ್ಲುಗಳನ್ನು ಆ ತಲೆಬರಹದಡಿ ಸೇರಿಸಿದ್ದೆ. ಎಂಟು ವರ್ಷದಲ್ಲಿ ಯಾವ ಆಡಿಟರ್ರೂ ಕೇಳಿರಲಿಲ್ಲ. ದಿಲ್ಲಿಯೂ ಕೇಳಿರಲಿಲ್ಲ, ಜರ್ಮನಿಯೂ ಕೇಳಿರಲಿಲ್ಲ.

ಮೊನ್ನೆ ಸುಸಲಾ ಅಂಗಡಿ ಮುಂದೆ ನಾನು ಹೇಳಿದ್ದು ಈ ಒಂದು ಕಥೆ ಮಾತ್ರ. ಮಾಸ್ತರು ಜೋರಾಗಿ ನಕ್ಕರು. "ಆ ಮುದುಕೀನ ದಿಲ್ಲಿಗಿ ಕಳಸ್ಬೇಕಿತ್ತು ನೋಡು" ಅಂದರು. ಆಮೇಲೆ ಇಬ್ಬರ ದುಡ್ಡೂ ತಾವೇ ಕೊಟ್ಟರು. ನಾನು ಬೇಡ ಬೇಡ ಅಂದರೂ ಕೇಳಲಿಲ್ಲ.

ಗಾಡಿ ಹತ್ತುವಾಗ ತಿರುಗಿ ನೋಡಿ ಹೇಳಿದರು. "ನಾಳಿ ಮುಂಜಾನಿ ಮನಿಗಿ ಬಾರಪಾ. ನಂದೊಂದ್ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬೋದ್ ಅದ."